ತರಗತಿಯೇ ಗತಿಯಾದವರು

ಯಲಹಂಕದ ನೆರೆಯ ಅಲ್ಲಾಳಸಂದ್ರ, ಬೆಂಗಳೂರು ಬೆಳೆಯುತ್ತ ತನ್ನೊಳಗೆ ಸೇರಿಸಿಕೊಂಡ ಕೆರೆಬದಿಯ ಹಳ್ಳಿ. ಇಂಥ ಊರಿನ ಪ್ರೌಢಶಾಲೆಯಲ್ಲಿ 40 ನಿಮಿಷದ ಒಂದು ಪಿರಿಯಡ್ಡನ್ನು ಊಹಿಸಿಕೊಳ್ಳಿ. ಗದ್ದಲ, ಗದರಿಕೆ, ಪುಸ್ತಕ ಮರೆತವರ ವಿಚಾರಣೆಗಳಲ್ಲಿ 5 ನಿಮಿಷ ಕಳೆದರೆ ಪಾಠದ ಎಂಟರಲ್ಲೊಂದು ಪಾಲು ಹೋಯಿತು. ಮನೆಪಾಠಕ್ಕೆ ಹಣ ತೆರಬಲ್ಲವರ ಮಕ್ಕಳು ಅದನ್ನು ಸಂಜೆ ತುಂಬಿಕೊಂಡಾರು. ಕೂಲಿಕಾರರ ಮಕ್ಕಳಿಗೆ ತರಗತಿಯೇ ಗತಿ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಾದರೋ ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ.

ಹಾಗಾದರೆ ಬೆತ್ತವೇ ಮದ್ದೆ? ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೂನಿನ್ 1970ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ತಪ್ಪು ನಡೆದ ಮೇಲೆ ಗದರುವ ರೀತಿಯಿಂದ ತರಗತಿ ಹದಕ್ಕೆ ಬರುವುದಿಲ್ಲ. ಇಡೀ ಕೊಠಡಿಯ ಮೇಲೆ ಕಣ್ಣಿಟ್ಟು, ಪಾಠದ ಓಟ ಕಡಿಯದಂತೆ ನಡೆಸುವುದರಿಂದ ಬರುತ್ತದೆ. ಕಪ್ಪುಹಲಗೆಯತ್ತ ತಿರುಗಿದ್ದರೂ ಹಿಂದಿನ ಬೆಂಚಿನ ಪಿಸುಮಾತನ್ನು ಕೇಳಿಸಿಕೊಂಡು, ಮುಂದಿನ ಪ್ರಶ್ನೆಯನ್ನು ಆ ಹುಡುಗನಿಗೇ ಹಾಕುವ ಮೇಷ್ಟರು ಕೂನಿನ್ನರನ್ನು ಓದಿರಲಿಕ್ಕಿಲ್ಲ. ಅವರ ಪಿರಿಯಡ್ಡಿನಲ್ಲಿ ಮಾತ್ರ 40 ನಿಮಿಷವೂ ಪಾಠವೇ.