ಎಲೀಯನಿಗೆ ಮೊದಲು ಸಿಕ್ಕಿದ್ದು ಉಪದೇಶವಲ್ಲ, ರೊಟ್ಟಿ

ಹೈದರಾಬಾದಿನ ದಿಲ್‌ಸುಖ್‌ನಗರ ಎಂದರೆ ಹಾಸ್ಟೆಲ್‌ಗಳ ಊರು. ಎತ್ತ ನೋಡಿದರೂ ಕೋಚಿಂಗ್ ಸೆಂಟರ್‌ಗಳ ಬೋರ್ಡು. ಪರೀಕ್ಷೆಗೆ ಓದುವವರು, ಕೆಲಸ ಹುಡುಕುವವರು, ಕೆಲಸ ಸಿಕ್ಕ ಮೇಲೂ ರೂಮು ಬದಲಿಸದೆ ಇಲ್ಲೇ ಉಳಿದವರು, ಎಲ್ಲರೂ ಇದ್ದಾರೆ. ಬೀದರ್ ಕಡೆಯವರಿಗಂತೂ ಅನುಕೂಲದ ಜಾಗ. ಎಂಜಿಬಿಎಸ್‌ನಲ್ಲಿ ಬಸ್ಸಿಳಿದು ಮೆಟ್ರೊ ಹತ್ತಿದರೆ ನಾಲ್ಕನೇ ನಿಲ್ದಾಣ.

ಬೀದರ್ ಜಿಲ್ಲೆಯಲ್ಲಿ ಮೆಥಡಿಸ್ಟ್ ಸಭೆಗೆ ಸೇರಿದ ಕುಟುಂಬಗಳು ಬಹಳ. ಅಲ್ಲಿಂದ ಬಂದ ನಮ್ಮ ಹುಡುಗ ಹುಡುಗಿಯರು ಭಾನುವಾರ ಇಲ್ಲಿ ತೆಲುಗು ಆರಾಧನೆಗೆ ಹೋಗುತ್ತಾರೆ. ಹಾಡು ಬೇಗ ಬಾಯಿಗೆ ಬರುತ್ತದೆ, ಪ್ರಸಂಗವೂ ಅರ್ಥವಾಗುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದೆ ಎದ್ದು ಕುಳಿತಾಗ ಪ್ರಾರ್ಥನೆ ಬರುವುದು ಅವ್ವನ ಮಾತಿನಲ್ಲೇ.

ನಿದ್ದೆ ಯಾಕೆ ಬರುವುದಿಲ್ಲ ಎಂದು ಹೊರಗೆ ದುಡಿಯುವವರಿಗೆ ಹೇಳಬೇಕಿಲ್ಲ. ನಮ್ಮ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಯಾವಾಗ ಯಾರ ಹೆಸರು ಪಟ್ಟಿಯಲ್ಲಿ ಬರುತ್ತದೋ ಗೊತ್ತಿಲ್ಲ. ಶಿಕ್ಷಣ ಸಾಲದ ಕಂತು, ಊರಲ್ಲಿ ಅಪ್ಪನ ಔಷಧಿ, ತಂಗಿಯ ಮದುವೆ. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಎರಡನೇ ಹೊರೆ

ಕ್ರೈಸ್ತರಿಗೆ ಇದರ ಮೇಲೆ ಇನ್ನೊಂದು ಹೊರೆ ಇದೆ. ‘ನಂಬಿಕೆ ಇದ್ದವನಿಗೆ ಭಯ ಯಾಕೆ?’ ಎಂಬ ಪ್ರಶ್ನೆ. ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ. ಕೇಳಿಸಿಕೊಂಡವನು ಮಾತ್ರ ಚಿಂತೆಯ ಜೊತೆ ಅಪರಾಧ ಭಾವವನ್ನೂ ಹೊತ್ತು ರೂಮಿಗೆ ಹೋಗುತ್ತಾನೆ. ಮುಂದಿನ ವಾರ ಹೇಗಿದ್ದೀಯ ಎಂದರೆ ‘ಚೆನ್ನಾಗಿದ್ದೇನೆ’ ಎನ್ನುತ್ತಾನೆ. ಅಪಾಯ ಇರುವುದು ಅಲ್ಲಿಯೇ.

ಚಿಂತಿಸಬೇಡಿ ಎಂಬ ಮಾತು ಬೈಬಲಿನಲ್ಲಿ ಇದೆ ನಿಜ. ಆದರೆ ಯಾರು, ಯಾರಿಗೆ ಹೇಳಿದರು ನೋಡಬೇಕು. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಮಾತಾಡಿದ್ದು ಊಟ ಬಟ್ಟೆಗೆ ಏನು ಮಾಡುವುದೆಂದು ಕೊರಗುವ ಜನರ ಜೊತೆ. ಫಿಲಿಪ್ಪಿಯವರಿಗೆ ಪತ್ರ ಬರೆದಾಗ ಪೌಲ ಸೆರೆಯಲ್ಲಿದ್ದ. ಚಿಂತೆ ಬಿಡಿ ಎಂದಷ್ಟೇ ಹೇಳಿ ಅವನು ನಿಲ್ಲಿಸಲಿಲ್ಲ. ಬೇಕಾದದ್ದನ್ನು ಕೃತಜ್ಞತೆಯೊಡನೆ ದೇವರ ಮುಂದೆ ಇಡುವ ದಾರಿಯನ್ನೂ ತೋರಿಸಿದ. ಗೆತ್ಸೇಮನೆ ತೋಟದಲ್ಲಿ ಯೇಸುವೇ ತನ್ನ ಸಂಕಟವನ್ನು ಶಿಷ್ಯರಿಗೆ ಬಾಯಿಬಿಟ್ಟು ಹೇಳಿದ, ತನ್ನ ಜೊತೆ ಎಚ್ಚರವಾಗಿರಲು ಕೇಳಿಕೊಂಡ. ಅದನ್ನು ಅಪನಂಬಿಕೆ ಎಂದು ಯಾರೂ ಕರೆಯುವುದಿಲ್ಲ.

ಗಿಡದ ನೆರಳಿನ ಪ್ರವಾದಿ

ಈ ವಿಷಯದಲ್ಲಿ ನಾನು ಹೆಚ್ಚು ಸಲ ಓದುವುದು ಅರಸುಗಳು ಮೊದಲನೇ ಭಾಗದ 19ನೇ ಅಧ್ಯಾಯ. ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಜಯ ಕಂಡ ಎಲೀಯ, ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡುತ್ತಾನೆ. ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು ಸಾವನ್ನೇ ಬೇಡುತ್ತಾನೆ.

ಆಗ ದೇವರು ಏನು ಮಾಡಿದ? ಬೈಯಲಿಲ್ಲ. ಮಲಗಿದ್ದವನನ್ನು ದೂತ ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಊಟವೇ. ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ ದೇವರು ಪ್ರಶ್ನೆ ಕೇಳಿದ. ಎಲೀಯ ಒಂದೇ ದೂರನ್ನು ಎರಡು ಸಲ ಹೇಳಿದರೂ ಕೇಳಿಸಿಕೊಂಡ. ಆಮೇಲೆ ‘ನೀನೊಬ್ಬನೇ ಅಲ್ಲ, ಇನ್ನೂ 7,000 ಮಂದಿ ಇದ್ದಾರೆ’ ಎಂದು ತಿಳಿಸಿದ. ಮಾಡಲು ಕೆಲಸವನ್ನೂ ಕೊಟ್ಟ, ಜೊತೆಗೆ ಎಲೀಷನನ್ನು ಕೊಟ್ಟ. ಊಟ, ನಿದ್ದೆ, ಕೇಳುವ ಕಿವಿ, ಜೊತೆಗಾರ, ಕೆಲಸ. ಚಿಂತೆಯಿಂದ ಎದ್ದು ಬರುವ ದಾರಿಗೆ ಇದಕ್ಕಿಂತ ಒಳ್ಳೆಯ ಕ್ರಮ ನನಗೆ ಕಂಡಿಲ್ಲ.

ಕೈಗೆಟಕುವ ನೆರವು

ಮೊದಲನೆಯದು ಕೀರ್ತನೆಗಳು. 13ನೇ ಕೀರ್ತನೆಯ ಮೊದಲ ಎರಡು ವಚನಗಳಲ್ಲೇ ಕೀರ್ತನೆಗಾರ ‘ಇನ್ನೆಷ್ಟು ದಿನ’ ಎಂಬ ಅರ್ಥದಲ್ಲಿ ನಾಲ್ಕು ಸಲ ದೇವರನ್ನು ಪ್ರಶ್ನಿಸುತ್ತಾನೆ. 42ರಲ್ಲಿ ತನ್ನ ಮನಸ್ಸಿನೊಡನೆ ತಾನೇ ಮಾತಾಡುತ್ತಾನೆ. 88 ಕತ್ತಲಲ್ಲೇ ಮುಗಿಯುತ್ತದೆ. ನಮ್ಮ ಪ್ರಾರ್ಥನೆ ಹೀಗಿದ್ದರೂ ನಡೆಯುತ್ತದೆ ಎಂಬ ಧೈರ್ಯ ಇವುಗಳಿಂದ ಬರುತ್ತದೆ. ಕನ್ನಡದಲ್ಲಿ ಪೂರ್ಣ ಬೈಬಲ್ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರಲ್ಲೇ ಬಂತು. ಇಂದು ಯೂವರ್ಷನ್ ಆ್ಯಪ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸುವಷ್ಟರಲ್ಲಿ ಒಂದು ಕೀರ್ತನೆ ಓದಬಹುದು.

ಎರಡನೆಯದು ‘ಯಾತ್ರಿಕನ ಸಂಚಾರ’. ಜಾನ್ ಬನಿಯನ್ನನ 1678ರ ಈ ಕೃತಿಯನ್ನು ಬಾಸೆಲ್ ಮಿಷನ್ 19ನೇ ಶತಮಾನದಲ್ಲೇ ಕನ್ನಡಕ್ಕೆ ತಂದಿತು. ವರ್ಷಗಟ್ಟಲೆ ಮನಸ್ಸಿನ ತಳಮಳ ಉಂಡವನು ಬರೆದ ಕಥೆ ಇದು. ಯಾತ್ರಿಕನು ಹತಾಶೆಯ ಕೆಸರಿಗೂ ಬೀಳುತ್ತಾನೆ, ಸಂಶಯದ ಕೋಟೆಯಲ್ಲಿ ಸೆರೆಯೂ ಆಗುತ್ತಾನೆ. ಆದರೂ ಯಾತ್ರೆ ನಿಲ್ಲುವುದಿಲ್ಲ.

ಮೂರನೆಯದು ಜನ. ಇಲ್ಲಿ ನಾವು ನಾಲ್ಕೈದು ಮಂದಿ ಕನ್ನಡದವರು ವಾರಕ್ಕೊಮ್ಮೆ ಸೇರಿ ಒಂದು ಕೀರ್ತನೆ ಓದುತ್ತೇವೆ. ನಿಯಮ ಎರಡೇ: ಯಾರೂ ಉಪದೇಶ ಮಾಡಬಾರದು, ಹೇಳಿದ್ದು ರೂಮಿನಿಂದ ಆಚೆ ಹೋಗಬಾರದು.

ನಾಲ್ಕನೆಯದು ವೈದ್ಯರು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂದಾದರೆ ಪ್ರಾರ್ಥನೆಯ ಜೊತೆಗೆ ಚಿಕಿತ್ಸೆಯೂ ಬೇಕು. ಬದುಕೇ ಬೇಡ ಎನ್ನಿಸಿದರೆ ಒಂದು ದಿನವೂ ಕಾಯಬಾರದು. ಪೌಲನ ಜೊತೆಗಾರ ಲೂಕನೂ ವೈದ್ಯನೇ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೂ ಮಾತಾಡಬಹುದು.

ಈ ಭಾನುವಾರ ಆರಾಧನೆ ಮುಗಿದ ಮೇಲೆ ಪಕ್ಕದ ರೂಮಿನ ಹುಡುಗ ಸಪ್ಪಗೆ ಕುಳಿತಿದ್ದರೆ ವಚನ ಹೇಳಲು ಅವಸರ ಬೇಡ. ‘ಊಟ ಆಯ್ತೇನಪ್ಪ?’ ಎಂದು ಕೇಳಿ. ಆಗಿಲ್ಲ ಎಂದರೆ ಕರೆದುಕೊಂಡು ಹೋಗಿ.