ಗಂಡಿಪೇಟೆಯ ಖಾಲಿ ಜಾಗಕ್ಕೆ ದುಡ್ಡು ಕೊಡುವವರು ಯಾರು?



ಊರ ಕೆರೆ ತುಂಬಿ ಕೋಡಿ ಬಿದ್ದರೆ ನಮಗೆಲ್ಲ ಹಬ್ಬ. ನಾವು ಕೋಡಿ ಎನ್ನುವುದನ್ನು ತೆಲುಗಿನ ನೆರೆಯವರು ಅಲುಗು ಎನ್ನುತ್ತಾರೆ. ಹೆಸರು ಬೇರೆ, ಸಂತೋಷ ಒಂದೇ. ಆದರೆ ಕೆರೆಯ ಕೆಳಗೆ ದೊಡ್ಡ ಪಟ್ಟಣವೊಂದಿದ್ದರೆ? ಕುಡಿಯುವ ನೀರಿಗಾಗಿ ಜಲಾಶಯ ತುಂಬಿರಬೇಕು. ಪ್ರವಾಹ ತಡೆಯಬೇಕಾದರೆ ಅದೇ ಜಲಾಶಯದಲ್ಲಿ ಒಂದಿಷ್ಟು ಜಾಗ ಖಾಲಿ ಇರಬೇಕು. ಆ ಖಾಲಿ ಜಾಗಕ್ಕೂ ಖರ್ಚುಂಟು. ಹೈದರಾಬಾದಿನ ಉದಾಹರಣೆ ನೋಡೋಣ.

ವಿಕಾರಾಬಾದಿನ ಅನಂತಗಿರಿ ಬೆಟ್ಟಗಳ ಒಂದು ಮಗ್ಗುಲಿನ ನೀರು ಕಾಗಿಣಾ ನದಿಯಾಗಿ ತಾಂಡೂರು, ಮಳಖೇಡಗಳ ಕಡೆಗೆ ಬಂದು ಭೀಮೆಯನ್ನು ಸೇರುತ್ತದೆ. ಇನ್ನೊಂದು ಮಗ್ಗುಲಿನದು ಮೂಸಿ ನದಿಯಾಗಿ ಹೈದರಾಬಾದಿನ ನಡುವೆ ಹರಿಯುತ್ತದೆ. 1908ರ ಸೆಪ್ಟೆಂಬರ್ 28ರಂದು ಈ ಮೂಸಿ ಉಕ್ಕಿತು. ಮೇಲ್ಭಾಗದ ಕೆರೆಗಳು ಒಂದರ ಹಿಂದೊಂದು ಒಡೆದು, ಅವುಗಳ ನೀರೂ ಹೊಳೆಗೆ ಕೂಡಿಕೊಂಡಿತು. ಸತ್ತವರು ಸುಮಾರು 15,000 ಎಂದು ಅಂದಾಜು. ಅಫ್ಜಲ್‌ಗಂಜಿನ ಹುಣಸೆಮರವನ್ನು ಏರಿ ಸುಮಾರು 150 ಜನ ಬದುಕಿಕೊಂಡರೆಂದು ಹೇಳುತ್ತಾರೆ. ಆ ಮರ ಈಗಲೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ.

ಮರುವರ್ಷ ನಿಜಾಮ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಪಟ್ಟಣದಲ್ಲಿ ದಡ ಕಟ್ಟಿದರಷ್ಟೇ ಸಾಲದು, ಮೇಲೆಯೇ ನೀರನ್ನು ಹಿಡಿದು ಮೆಲ್ಲಗೆ ಬಿಡಬೇಕು ಎಂಬುದು ಅವರ ಸಲಹೆ. ಹಾಗೆ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲೂ, ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲೂ ಮುಗಿದವು. ಉಸ್ಮಾನ್ ಸಾಗರವನ್ನು ಸುತ್ತಲಿನವರು ಇಂದಿಗೂ ಗಂಡಿಪೇಟೆ ಚೆರುವು ಎಂದೇ ಕರೆಯುವುದು. ಪ್ರವಾಹದ ಭಯದಿಂದ ಹುಟ್ಟಿದ ಕಟ್ಟೆಗಳೇ ನಗರದ ಬಾಯಾರಿಕೆಯನ್ನೂ ತಣಿಸಿದವು. ಒಂದೇ ಖರ್ಚಿನಲ್ಲಿ ಎರಡು ಕೆಲಸ! ಖರ್ಚು ಕೊಟ್ಟದ್ದು ಸಂಸ್ಥಾನದ ಬೊಕ್ಕಸ.

ಆದರೆ ಕಲ್ಲು ಗಾರೆಯ ಲೆಕ್ಕ ಒಂದು ಸಲ ಮುಗಿಯುತ್ತದೆ. ಮೇಲಿನ ಜಮೀನಿನ ಲೆಕ್ಕ ಮುಗಿಯುವುದಿಲ್ಲ. ಹೊಲದಲ್ಲಿ ಬಿದ್ದ ಮಳೆ ಬಹುಪಾಲು ಇಂಗಿ, ತಡೆದು, ತಡವಾಗಿ ಕೆರೆಗೆ ಬರುತ್ತದೆ. ಕಾಂಕ್ರೀಟಿನ ಮೇಲೆ ಬಿದ್ದದ್ದು ಚರಂಡಿಯ ಕೊಳೆಯನ್ನೂ ಹೊತ್ತು ಒಮ್ಮೆಲೇ ನುಗ್ಗುತ್ತದೆ. ಹೀಗಾಗಿ 1996ರಲ್ಲಿ ಆಂಧ್ರ ಸರ್ಕಾರ 111ನೆಯ ನಂಬರಿನ ಆದೇಶ ಹೊರಡಿಸಿ, ಎರಡೂ ಜಲಾಶಯಗಳಿಂದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಲಿನಗೊಳಿಸುವ ಕಾರ್ಖಾನೆ, ದೊಡ್ಡ ಹೋಟೆಲು, ವಸತಿ ಬಡಾವಣೆಗಳನ್ನು ನಿಷೇಧಿಸಿತು. 2000ದಲ್ಲಿ ಕಾರ್ಖಾನೆಯೊಂದಕ್ಕೆ ಕೊಟ್ಟ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಆದೇಶದ ವ್ಯಾಪ್ತಿಗೆ ಬಂದದ್ದು 84 ಹಳ್ಳಿಗಳು. ಪಕ್ಕದಲ್ಲೇ ಐಟಿ ಕಟ್ಟಡಗಳೆದ್ದು ಭೂಮಿಗೆ ಕೋಟಿಗಟ್ಟಲೆ ಬೆಲೆ ಬಂದಾಗ, ಇಲ್ಲಿಯ ರೈತ ಬೇಲಿಯಾಚೆಯಿಂದ ನೋಡುತ್ತಾ ನಿಂತ. ನಗರದ ನೀರಿನ ಬಿಲ್ಲಿನಿಂದ ಅವನಿಗೊಂದು ಪಾಲು ಕೊಡಿಸುವ ಮಾತು ಆದೇಶದಲ್ಲಿರಲಿಲ್ಲ. ನಿಷೇಧ ತೆಗೆಯಿರೆಂದು ಅವನು ಕೇಳಿದರೆ ಬರಿಯ ದುರಾಸೆ ಎನ್ನಲಾಗದು. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ 69ನೆಯ ಆದೇಶದಿಂದ ಆ ನಿರ್ಬಂಧಗಳನ್ನು ಸಡಿಲಿಸಲು ಹೊರಟಿತು. ನಗರಕ್ಕೆ ಈಗ ಮಂಜೀರಾ, ಕೃಷ್ಣಾ, ಗೋದಾವರಿಗಳ ನೀರು ಬರುತ್ತಿದೆ, ಈ ಕೆರೆಗಳನ್ನೇ ನಂಬಬೇಕಿಲ್ಲ ಎಂಬುದು ಅದರ ವಾದ. ಕುಡಿಯುವ ನೀರಿನ ಮಟ್ಟಿಗೆ ಅದು ನಿಜವೆನ್ನಿ. ಪ್ರವಾಹದ ಮಾತು? ಗೋದಾವರಿಯ ಕೊಳವೆ ಮೂಸಿಯ ನೆರೆಯನ್ನು ತಡೆಯುವುದಿಲ್ಲವಲ್ಲ!

ಕಟ್ಟೆ, ಗೇಟುಗಳನ್ನು ಬಲಪಡಿಸಲು ದೇಶದಲ್ಲಿ ಹಣದ ದಾರಿಯಿದೆ. 2020ರಲ್ಲಿ ಕೇಂದ್ರ ಒಪ್ಪಿದ ಅಣೆಕಟ್ಟು ಸುಧಾರಣಾ ಯೋಜನೆ 19 ರಾಜ್ಯಗಳ 736 ಅಣೆಕಟ್ಟುಗಳಿಗೆ 10,211 ಕೋಟಿ ರೂಪಾಯಿಯದು. 7,000 ಕೋಟಿ ಹೊರಗಿನ ಸಾಲ, ಉಳಿದದ್ದು ಆಯಾ ರಾಜ್ಯ, ಸಂಸ್ಥೆಗಳ ಪಾಲು. ಆದರೆ ಈ ಹಣ ಹೋಗುವುದು ಕಟ್ಟೆಗೆ. ಕಟ್ಟೆಯ ಮೇಲಿನ ಹೊಲವನ್ನು ಹೊಲವಾಗಿಯೇ ಉಳಿಸಿದವನಿಗೆ ಅದರಲ್ಲಿ ಕಾಲಮ್ಮೇ ಇಲ್ಲ.

2025ರ ಸೆಪ್ಟೆಂಬರ್ ಕೊನೆಯ ವಾರ ಮಳೆ ಜಡಿದು ಎರಡೂ ಜಲಾಶಯಗಳ ಗೇಟುಗಳನ್ನು ತೆರೆದಾಗ, ನಮ್ಮ ಬೀದರ, ಕಲಬುರಗಿ ಕಡೆಯ ಬಸ್ಸುಗಳೂ ನಿಲ್ಲುವ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೆ ಮೂಸಿ ನುಗ್ಗಿತು. ಪ್ರಯಾಣಿಕರನ್ನು ರಾತ್ರೋರಾತ್ರಿ ಹೊರಗೆ ಸಾಗಿಸಬೇಕಾಯಿತು.