ಎಲೆ ಹಿಡಿದವರೆಲ್ಲ ಜೂಜುಕೋರರಲ್ಲ

ಕಾರ್ಡ್ ಆಟ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದೇನು? ಅಂದರ್ ಬಾಹರ್. ಊರಾಚೆಯ ತೋಟದ ಮನೆ, ಪೊಲೀಸ್ ದಾಳಿ, ಮೇಜಿನ ಮೇಲೆ ಜೋಡಿಸಿಟ್ಟ ನೋಟಿನ ಕಂತೆ, ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡು ಜೀಪು ಹತ್ತುವ ಗಂಡಸರು. ಈ ಸುದ್ದಿಯನ್ನ ನಾನು ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ಈಗ ತೋಟದ ಮನೆ ಮೊಬೈಲ್‌ನೊಳಗೆ ಬಂದು ಕೂತಿದೆ. ಆನ್‌ಲೈನ್ ರಮ್ಮಿಯಲ್ಲಿ ಹೊಲ ಕಳೆದವರು, ಹೆಂಡತಿಯ ತಾಳಿ ಅಡವಿಟ್ಟವರು, ಕೊನೆಗೆ ಪ್ರಾಣ ಕಳಕೊಂಡವರು. ಇವರ ಕಥೆಯನ್ನೂ ಇದೇ ಬಾಯಲ್ಲಿ ಹೇಳಿದ್ದೀನಿ.

ಅಂಥದ್ದೇ ಒಂದು ರಾತ್ರಿಯ ಕಾರ್ಯಕ್ರಮದಲ್ಲಿ ಆವೇಶದಲ್ಲಿ ಒಂದು ಮಾತು ಹೇಳಿಬಿಟ್ಟೆ. "ನಿಮ್ಮ ಮಗ ಮೊಬೈಲಲ್ಲೋ ಕಂಪ್ಯೂಟರಲ್ಲೋ ಎಲೆ ಹಾಕ್ತಿದ್ದಾನಾ? ಇವತ್ತೇ ಕಿತ್ಕೊಳ್ಳಿ. ನಾಳೆ ಅಂದ್ರೆ ತಡ ಆಗುತ್ತೆ." ಮಾತು ಚೆನ್ನಾಗಿತ್ತು, ಜನ ಮೆಚ್ಚಿಕೊಂಡ್ರು. ಎರಡು ವಾರ ಬಿಟ್ಟು ಕಚೇರಿಗೆ ಒಂದು ಫೋನ್ ಬಂತು. ಹಾಸನದ ಕಡೆಯ ಒಬ್ಬ ತಾಯಿ.

"ಸಾರ್, ನೀವು ಹೇಳಿದ್ರಿ ಅಂತ ಮಗನ ಲ್ಯಾಪ್‌ಟಾಪ್ ಕಿತ್ಕೊಂಡು ಬೀರುವಿನಲ್ಲಿ ಇಟ್ಟಿದೀನಿ. ಎರಡು ವಾರ ಆಯ್ತು, ನನ್ನ ಹತ್ರ ಒಂದು ಮಾತಾಡಿಲ್ಲ. ಇದರಲ್ಲಿ ದುಡ್ಡೇ ಇಲ್ಲಮ್ಮ, ಎದುರಿಗೆ ಆಡೋ ಮನುಷ್ಯನೇ ಇಲ್ಲಮ್ಮ ಅಂತಾನೆ. ಎದುರಿಗೆ ಯಾರೂ ಇಲ್ದೆ ಎಲೆ ಆಡೋಕಾಗುತ್ತಾ ಸಾರ್? ಸುಳ್ಳು ಹೇಳ್ತಿದಾನಾ?"

ಯಾವ ಆಟ ಅಂತ ಕೇಳಿದೆ. ಅದೆಂಥದೋ ರಾಣಿಯ ಕಥೆಯಂತೆ ಅಂದ್ರು. ಹೆಸರು ಗೊತ್ತಿರಲಿಲ್ಲ. ಮಗನನ್ನ ಕೇಳಿ ಒಂದು ಚೀಟಿಯಲ್ಲಿ ಬರೆಸಿಕೊಂಡು ಓದಿ ಹೇಳಿದ್ರು: ಥ್ರೋನ್‌ಬ್ರೇಕರ್.

ನನಗೂ ಗೊತ್ತಿರಲಿಲ್ಲ. ತಿಳಿದುಕೊಂಡು ಹೇಳ್ತೀನಿ ಅಂದೆ. ನಮ್ಮ ಎಡಿಟಿಂಗ್ ರೂಮಿನ ಹುಡುಗನನ್ನ ಕೇಳಿದ್ರೆ, "ಅಯ್ಯೋ ಸಾರ್, ಅದು ಜೂಜಲ್ಲ, ಅದು ಕಾದಂಬರಿ" ಅಂದ. ಅವನ ಪಕ್ಕ ಕೂತಿದ್ದ ಇನ್ನೊಬ್ಬ, "ಕಾದಂಬರಿ ಸರಿ, ಆಟ ಸಪ್ಪೆ" ಅಂದ. ಅಲ್ಲಿಂದ ಶುರುವಾಯ್ತು ನೋಡಿ ನನ್ನ ಪಾಠ.

ಮೊದಲು ಈ "ಸಂಗ್ರಹದ ಕಾರ್ಡ್" ಅನ್ನೋದು ಏನು ಅಂತ ನೋಡೋಣ. 1993ರಲ್ಲಿ ಅಮೆರಿಕದಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬಾತ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಆಟ ತಂದ. ಇಸ್ಪೀಟಿನಲ್ಲಿ ಎಲ್ಲರಿಗೂ ಅದೇ 52 ಎಲೆ. ಇಲ್ಲಿ ಹಾಗಲ್ಲ. ನೂರಾರು ಬಗೆಯ ಎಲೆಗಳಿವೆ, ಒಂದೊಂದರಲ್ಲೂ ಒಬ್ಬ ಸೈನಿಕ, ಒಬ್ಬ ಮಾಂತ್ರಿಕ, ಒಂದು ಡ್ರ್ಯಾಗನ್. ಮುಚ್ಚಿದ ಪೊಟ್ಟಣ ಕೊಂಡು ಎಲೆ ಕೂಡಿಸಬೇಕು, ಕೂಡಿಸಿದ್ದರಲ್ಲಿ ಆರಿಸಿ ನಿಮ್ಮದೇ ಕಟ್ಟು ಕಟ್ಟಬೇಕು. ಪೊಟ್ಟಣದೊಳಗೆ ಏನಿದೆ ಅಂತ ಒಡೆಯೋವರೆಗೆ ಗೊತ್ತಾಗಲ್ಲ. ಮಜಾ ಇರೋದೂ ಅಲ್ಲೇ, ಅಪಾಯ ಇರೋದೂ ಅಲ್ಲೇ. ಒಳ್ಳೆ ಎಲೆ ಬರಲಿಲ್ಲವಾ? ಇನ್ನೊಂದು ಪೊಟ್ಟಣ. ಅದರಲ್ಲೂ ಬರಲಿಲ್ಲವಾ? ಮತ್ತೊಂದು.

ಕಂಪ್ಯೂಟರಿಗೆ ಬಂದಾಗ ಈ ಪೊಟ್ಟಣವೂ ಜೊತೆಗೇ ಬಂತು. ಆಟ ಉಚಿತ, ಪೊಟ್ಟಣಕ್ಕೆ ದುಡ್ಡು. ಇಂಥ ಮುಚ್ಚಿದ ಪೆಟ್ಟಿಗೆಗಳನ್ನ ದುಡ್ಡಿಗೆ ಮಾರೋದೂ ಜೂಜೇ ಅಂತ 2018ರಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗ ಕೆಲವು ಆಟಗಳ ವಿಷಯದಲ್ಲಿ ಹೇಳಿತು. ಅಂದ್ರೆ ತಾಯಂದಿರ ಭಯ ಆಧಾರ ಇಲ್ಲದ್ದಲ್ಲ.

ಈಗ ಥ್ರೋನ್‌ಬ್ರೇಕರ್‌ಗೆ ಬರೋಣ. ಪೋಲೆಂಡ್ ದೇಶದಲ್ಲಿ ಆಂಜೆಯ್ ಸಾಪ್ಕೋವ್ಸ್ಕಿ ಅನ್ನೋ ಲೇಖಕರಿದ್ದಾರೆ. ರಾಕ್ಷಸರನ್ನ ಬೇಟೆಯಾಡುವ ಗೆರಾಲ್ಟ್ ಎಂಬ ವಿಚರ್‌ನ ಕಥೆ ಬರೆದವರು. ಆ ಕಥೆಗಳನ್ನ ಆಧರಿಸಿ ಅದೇ ದೇಶದ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ ವಿಡಿಯೋ ಗೇಮ್ ಮಾಡ್ತು. 2015ರಲ್ಲಿ ಬಂದ 'ದಿ ವಿಚರ್ 3' ಆಟದೊಳಗೇ ಒಂದು ಪುಟ್ಟ ಕಾರ್ಡ್ ಆಟ ಇತ್ತು, ಗ್ವೆಂಟ್ ಅಂತ. ಹೋಟೆಲಿನಲ್ಲಿ, ಸಂತೆಯಲ್ಲಿ ಸಿಕ್ಕವರ ಜೊತೆ ಆಡಬಹುದು. ನಮ್ಮ ಎಡಿಟಿಂಗ್ ಹುಡುಗ ಹೇಳ್ತಾನೆ: "ಸಾರ್, ಕಳೆದುಹೋದ ಸಾಕುಮಗಳನ್ನ ಹುಡುಕೋಕೆ ಹೊರಟ ಗೆರಾಲ್ಟ್, ಅವಳನ್ನ ಮರೆತು ಎಲೆ ಹಾಕ್ತಾ ಕೂತುಬಿಡ್ತಿದ್ದ. ತಪ್ಪು ಅವನದ್ದಲ್ಲ, ನಮ್ಮದು." ಜನಕ್ಕೆ ಅಷ್ಟು ಹಿಡಿಸಿತು. ಕಂಪನಿ ಗ್ವೆಂಟನ್ನೇ ಬೇರೆ ಆಟ ಮಾಡ್ತು. ಅದು ಇನ್ನೊಬ್ಬರ ಎದುರು ಆಡುವ ಆನ್‌ಲೈನ್ ಆಟ, ಅದರಲ್ಲಿ ಪೊಟ್ಟಣ ಉಂಟು. ಅವರು ಅದನ್ನ ಪೀಪಾಯಿ ಅಂತ ಕರೀತಾರೆ. ಆಡ್ತಾ ಆಡ್ತಾ ಸಂಪಾದಿಸಬಹುದು, ದುಡ್ಡು ಕೊಟ್ಟೂ ಕೊಳ್ಳಬಹುದು.

ಆ ಗ್ವೆಂಟ್‌ಗೇ ಒಂಟಿ ಆಟಗಾರನ ಕಥೆಯೊಂದನ್ನ ಸೇರಿಸಬೇಕು ಅಂತ ಹೊರಟ ಕಂಪನಿ, ಅದು ಬೆಳೆದೂ ಬೆಳೆದೂ ಬೇರೆಯೇ ಆಟವಾದಾಗ 2018ರ ಅಕ್ಟೋಬರ್ 23ರಂದು 'ಥ್ರೋನ್‌ಬ್ರೇಕರ್: ದಿ ವಿಚರ್ ಟೇಲ್ಸ್' ಅಂತ ಬಿಡುಗಡೆ ಮಾಡ್ತು. ಒಂದು ಸಲ ಕೊಂಡರೆ ಮುಗೀತು. ಎದುರಾಳಿ ಕಂಪ್ಯೂಟರ್. ಪೊಟ್ಟಣ ಇಲ್ಲ, ಬಾಜಿ ಇಲ್ಲ. ಎಲೆ ಬೇಕಾ? ಕಥೆಯೊಳಗೆ ನಡೆದು, ಗೆದ್ದು, ಆಟದೊಳಗಿನ ಚಿನ್ನ ಮತ್ತು ಮರದ ದಿಮ್ಮಿ ಕೂಡಿಸಿ ತಯಾರು ಮಾಡಿಕೊಳ್ಳಬೇಕು. ಹುಡುಗ ಅಮ್ಮನಿಗೆ ಸುಳ್ಳು ಹೇಳಿರಲಿಲ್ಲ.

ಕಥೆ ಏನು? ಲಿರಿಯಾ ಮತ್ತು ರಿವಿಯಾ ಎಂಬ ಎರಡು ಪುಟ್ಟ ನಾಡುಗಳ ರಾಣಿ ಮೇವ್. ಗಂಡನಿಲ್ಲ, ಬೆಳೆದ ಮಕ್ಕಳಿದ್ದಾರೆ. ದಕ್ಷಿಣದ ನಿಲ್ಫ್‌ಗಾರ್ಡ್ ಸಾಮ್ರಾಜ್ಯ ದಂಡೆತ್ತಿ ಬರುತ್ತೆ. ಆಗ ಅವಳ ಸ್ವಂತ ಮಗ ವಿಲೆಮ್, ಆಸ್ಥಾನದವರ ಮಾತು ಕೇಳಿ ಶತ್ರುವಿಗೆ ಶರಣಾಗಿ ತಾಯಿಯನ್ನೇ ಇಳಿಸಿಬಿಡ್ತಾನೆ. ರಾಣಿ ಬೀದಿಗೆ ಬೀಳ್ತಾಳೆ. ನಿನ್ನೆ ಯಾರನ್ನ ಹಿಡಿಯೋಕೆ ಬೆನ್ನಟ್ಟಿದ್ದಳೋ ಆ ದರೋಡೆಕೋರ ಗ್ಯಾಸ್ಕನ್ ಇವತ್ತು ಜೊತೆಗಾರ. ಅಲ್ಲಿಂದ ಮತ್ತೆ ಸೈನ್ಯ ಕಟ್ಟಿ ನಾಡನ್ನ ಗೆಲ್ಲೋದೇ ಆಟ. ನಿಮ್ಮ ಕೈಯಲ್ಲಿರುವ ಕಾರ್ಡಿನ ಕಟ್ಟೇ ನಿಮ್ಮ ಸೈನ್ಯ.

ಆಡಿದವರು ಬಾಯ್ತುಂಬ ಹೊಗಳೋದು ಇದನ್ನೇ. ದಾರಿಯುದ್ದಕ್ಕೂ ತೀರ್ಮಾನಗಳು. ಸೈನ್ಯಕ್ಕೆ ದುಡ್ಡಿಲ್ಲ, ಹಳ್ಳಿ ದೋಚಲಾ? ಪ್ರಜೆಗಳಿಗೆ ಕೊಟ್ಟುಬಿಟ್ಟರೆ ನಾಳೆ ಯುದ್ಧಕ್ಕೆ ಏನು? ಇದು ಸರಿ ಇದು ತಪ್ಪು ಅಂತ ಆಟ ಹೇಳಿಕೊಡಲ್ಲ. ಎರಡರಲ್ಲೂ ನೋವಿರುತ್ತೆ. ಸೈನ್ಯದ ಉತ್ಸಾಹ ಕುಸಿದರೆ ಎಲೆಗಳ ಬಲವೇ ಕಡಿಮೆ ಆಗುತ್ತೆ. ನಿಮ್ಮ ತೀರ್ಮಾನ ಸಹಿಸದ ಜೊತೆಗಾರ ಸೈನ್ಯ ಬಿಟ್ಟು ಹೊರಟುಹೋದರೆ, ಅವನ ಹೆಸರಿನ ಎಲೆ ನಿಮ್ಮ ಕಟ್ಟಿನಿಂದ ಮಾಯ. ಎಡಿಟಿಂಗ್ ಹುಡುಗ ಇದನ್ನ ಹೇಳುವಾಗ ಅವನ ದನಿ ಬದಲಾಯ್ತು. "ಸಾರ್, ಎಲೆ ಹೋಯ್ತು ಅಂತ ಬೇಜಾರಾಗಲಿಲ್ಲ. ಅವನು ಹೋದ ಅಂತ ಬೇಜಾರಾಯ್ತು." ಒಂದು ರಟ್ಟಿನ ಚೂರಿಗೆ, ಅದೂ ಪರದೆಯ ಮೇಲಿನ ರಟ್ಟಿಗೆ, ಇಷ್ಟು ಜೀವ ತುಂಬೋದು ಸಣ್ಣ ಕೆಲಸ ಅಲ್ಲ. ಚಿತ್ರ, ಸಂಗೀತ, ಹೆಂಡದಂಗಡಿಯಲ್ಲಿ ಕೂತು ಕಥೆ ಹೇಳುವವನ ದನಿ, ಇವುಗಳ ಬಗ್ಗೆಯೂ ಆಟಗಾರರಲ್ಲಿ ಹೆಚ್ಚು ತಕರಾರಿಲ್ಲ.

ಹಾಗಾದ್ರೆ ತಕರಾರು ಎಲ್ಲಿ? ಪಕ್ಕದ ಹುಡುಗ "ಸಪ್ಪೆ" ಅಂದನಲ್ಲ, ಅಲ್ಲಿ. ಕಾರ್ಡ್ ಆಟದಲ್ಲಿ ಪಳಗಿದವರ ದೂರು ಇದು: ಯುದ್ಧ ತೀರಾ ಸುಲಭ. ಒಂದಕ್ಕೊಂದು ಕೊಂಡಿ ಹಾಕುವ ನಾಲ್ಕೈದು ಎಲೆ ಸಿಕ್ಕವು ಅಂದ್ರೆ, ಒಂದೇ ಸರದಿಯಲ್ಲಿ ಶತ್ರು ನೆಲ ಕಚ್ಚುತ್ತಾನೆ. ಆಮೇಲೆ ಕೊನೆಯವರೆಗೂ ಅದೇ ಕಟ್ಟು, ಅದೇ ಗೆಲುವು. ತಲೆ ಓಡಿಸೋದೇನು ಬಂತು? ಇವರ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ವಿಚರ್ 3ರ ಗ್ವೆಂಟ್‌ನಲ್ಲಿ ಮೂರು ಸಾಲು ಇತ್ತು, ಇಲ್ಲಿ ಎರಡಕ್ಕೆ ಇಳಿಸಿದ್ದಾರೆ. ಹಳೆಯದನ್ನ ಪ್ರೀತಿಸಿದವರಿಗೆ ಮನೆಯ ಅಂಗಳ ಕಿತ್ತ ಹಾಗಾಯ್ತು.

ಇನ್ನು ಒಗಟಿನ ಪಂದ್ಯಗಳ ವಿಷಯಕ್ಕೆ ಜನ ಎರಡು ಪಾಲು. ಇಲ್ಲಿ ನಿಮ್ಮ ಕಟ್ಟಿಗೆ ಬೆಲೆ ಇಲ್ಲ. ಅವರು ಕೊಟ್ಟಷ್ಟೇ ಎಲೆಯಲ್ಲಿ, ಪತ್ರಿಕೆಯಲ್ಲಿ ಬರುವ ಚೆಸ್ ಸಮಸ್ಯೆಯ ಹಾಗೆ, ಇರುವ ಒಂದು ದಾರಿಯನ್ನ ಕಂಡುಹಿಡೀಬೇಕು. ಕೆಲವರು ಆಟದಲ್ಲಿ ನಿಜವಾಗಿ ತಲೆ ಬಿಸಿ ಮಾಡಿದ್ದು ಇದೊಂದೇ ಅಂತಾರೆ. ಕಥೆಗಾಗಿ ಬಂದವರು, "ನಡುವೆ ಯಾಕಪ್ಪಾ ಈ ಪರೀಕ್ಷೆ" ಅಂತ ಗೊಣಗ್ತಾರೆ. ಕಾರ್ಡ್ ಆಟವೇ ಬೇಡ, ಕಥೆ ಮಾತ್ರ ಸಾಕು ಅನ್ನೋರಿಗೆ ಅತಿ ಸುಲಭದ ಹಂತದಲ್ಲಿ ಪಂದ್ಯ ಬಿಟ್ಟು ಮುಂದೆ ಹೋಗುವ ಅವಕಾಶವೂ ಇದೆ. ಅದನ್ನ ಕೇಳಿ ಪಳಗಿದ ಆಟಗಾರ ನಗ್ತಾನೆ. ಊಟದ ಮನೆಗೆ ಹೋಗಿ ಊಟ ಬೇಡ ಅಂದ ಹಾಗಲ್ವಾ?

ನನಗನಿಸಿದ್ದು ಹೇಳ್ತೀನಿ. ಇಬ್ಬರೂ ಸರಿ. ಒಬ್ಬ ಪಂದ್ಯಕ್ಕೆ ಬಂದಿದ್ದಾನೆ, ಇನ್ನೊಬ್ಬ ಹರಿಕಥೆಗೆ ಬಂದಿದ್ದಾನೆ. ಚಪ್ಪರ ಮಾತ್ರ ಒಂದೇ. ಆಟ ಮೊದಲು ಬಂದಿದ್ದು ಕಂಪನಿಯ ಸ್ವಂತ ಆನ್‌ಲೈನ್ ಅಂಗಡಿಯಲ್ಲಿ ಮಾತ್ರ. ಮಾರಾಟ ನಿರೀಕ್ಷೆ ಮುಟ್ಟಲಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡಿತು. ನವೆಂಬರ್‌ನಲ್ಲಿ ಸ್ಟೀಮ್ ಎಂಬ ದೊಡ್ಡ ಅಂಗಡಿಗೆ ತಂದರು. ಕಾರ್ಡ್ ಆಟ ಅಂತ ಕೇಳಿ ಕಥೆಯ ಪ್ರಿಯರು ದೂರ ಸರಿದರು, ಕಥೆ ಅಂತ ಕೇಳಿ ಕಾರ್ಡಿನವರು ಮೂಗು ಮುರಿದರು. ಆಡಿದವರಲ್ಲಿ ಹೆಚ್ಚಿನವರು ಮಾತ್ರ ಮೆಚ್ಚಿದರು.

ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ಆಟ ಬಂತು, ಹೆಸರು ಆರ್ಟಿಫ್ಯಾಕ್ಟ್. ಸ್ಟೀಮ್ ಅಂಗಡಿ ನಡೆಸುವ ವಾಲ್ವ್ ಕಂಪನಿಯದ್ದು, ವಿನ್ಯಾಸದಲ್ಲಿ ಸ್ವತಃ ರಿಚರ್ಡ್ ಗಾರ್ಫೀಲ್ಡ್. 20 ಡಾಲರ್ ಕೊಟ್ಟು ಆಟ ಕೊಳ್ಳಬೇಕು, ಆಮೇಲೆ ಎಲೆಗೆ ಮತ್ತೆ ದುಡ್ಡು. ಆಟಗಾರರು ರೇಗಿದರು, ಕೆಲವೇ ತಿಂಗಳಲ್ಲಿ ಆಟ ಬಣಗುಟ್ಟಿತು. 2021ರಲ್ಲಿ ಕೆಲಸ ನಿಲ್ಲಿಸಿ ಉಚಿತವಾಗಿ ಬಿಟ್ಟುಕೊಟ್ಟರು. ನೋಡಿ, ಆಡೋ ಹುಡುಗರು ದಡ್ಡರಲ್ಲ. ಯಾವುದು ಆಟ, ಯಾವುದು ಜೇಬಿಗೆ ಹಾಕುವ ಕೈ ಅಂತ ಅವರಿಗೆ ನಮಗಿಂತ ಮೊದಲೇ ವಾಸನೆ ಹತ್ತುತ್ತೆ. ಗೊತ್ತಿಲ್ಲದಿದ್ದದ್ದು ನಮಗೆ.

ಈ ಗೊಂದಲ ಮನೆಯಲ್ಲಿ ಮಾತ್ರ ಅಲ್ಲ, ಕಾನೂನಿನಲ್ಲೂ ಇತ್ತು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನ ನಿಷೇಧಿಸಿತು. ಕೌಶಲದ ಆಟ ಬೇರೆ, ಅದೃಷ್ಟದ ಜೂಜು ಬೇರೆ ಅನ್ನೋ ವಾದ ಕೋರ್ಟ್ ಮೆಟ್ಟಿಲೇರಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನ ರದ್ದು ಮಾಡ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಬೇರೆ ಗೆರೆ ಎಳೆಯಿತು: ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಕ್ಕೆ ನಿಷೇಧ, ಕೌಶಲ ಅಂದ್ರೂ ಸೈ, ಅದೃಷ್ಟ ಅಂದ್ರೂ ಸೈ. ಇ-ಸ್ಪೋರ್ಟ್ಸ್ ಮತ್ತು ಬರೀ ಮನರಂಜನೆಯ ಆಟ ಅದರಾಚೆ. ಅಂದ್ರೆ ಕಾನೂನು ಕೂಡ ಕೇಳ್ತಿರೋದು ಕೈಯಲ್ಲಿ ಎಲೆ ಇದೆಯಾ ಅಂತಲ್ಲ. ಬಾಜಿ ಇದೆಯಾ ಅಂತ.

ಹಾಗಾಗಿ ಅಪ್ಪ ಅಮ್ಮಂದಿರೇ, ಕಿತ್ಕೊಳ್ಳೋದಕ್ಕೆ ಮುಂಚೆ ಪಕ್ಕ ಕೂತು ಮೂರು ಪ್ರಶ್ನೆ ಕೇಳಿ. ಒಂದು, ಗೆದ್ದರೆ ದುಡ್ಡು ಬರುತ್ತಾ? ಬರುತ್ತೆ ಅಂದ್ರೆ ಅದು ಜೂಜು, ಅಲ್ಲಿಗೇ ನಿಲ್ಲಿಸಿ. ಎರಡು, ಒಂದು ಸಲ ಕೊಂಡ ಮೇಲೆ ಮತ್ತೆ ಮತ್ತೆ ದುಡ್ಡು ಕೇಳುತ್ತಾ? ಕೇಳುತ್ತೆ ಅಂದ್ರೆ ನಿಮ್ಮ ಕಾರ್ಡು, ಯುಪಿಐ ಪಿನ್ ಅವನ ಕೈಗೆ ಸಿಗದ ಹಾಗೆ ನೋಡ್ಕೊಳ್ಳಿ. ಮೂರು, ದಿನಕ್ಕೆ ಎಷ್ಟು ಹೊತ್ತು? ದುಡ್ಡಿಲ್ಲದ ಆಟವೂ ನಿದ್ದೆ ತಿನ್ನುತ್ತೆ, ಓದು ತಿನ್ನುತ್ತೆ. ಥ್ರೋನ್‌ಬ್ರೇಕರ್ ಕೂಡ ಮುಗಿಯೋಕೆ 30 ಗಂಟೆಯ ಆಸುಪಾಸು ಬೇಕು. ಆದರೆ ಅದು ಗಡಿಯಾರದ ಜಗಳ, ಜೂಜಿನ ಜಗಳ ಅಲ್ಲ. ಎರಡನ್ನೂ ಒಂದೇ ಕೋಲಲ್ಲಿ ಹೊಡೀಬೇಡಿ.

ಆ ತಾಯಿಗೆ ಇಷ್ಟನ್ನೂ ಫೋನಿನಲ್ಲೇ ಹೇಳಿದೆ. ಒಂದು ವಾರ ಬಿಟ್ಟು ಅವರೇ ಮತ್ತೆ ಮಾಡಿದ್ರು.

"ಲ್ಯಾಪ್‌ಟಾಪ್ ಕೊಟ್ಟೆ ಸಾರ್. ಪಕ್ಕದಲ್ಲಿ ಕೂರಿಸ್ಕೊಂಡು ತೋರಿಸ್ದ. ಆ ರಾಣಿಗೆ ಸ್ವಂತ ಮಗನೇ ಮೋಸ ಮಾಡ್ತಾನಂತೆ, ಅಲ್ವಾ?"

"ಹೌದಮ್ಮ."

"ನನ್ನ ಮಗ ಮಾಡಿರ್ಲಿಲ್ಲ ಸಾರ್. ನಾನೇ ನಂಬ್ಲಿಲ್ಲ."

ಅವರು ನನ್ನನ್ನ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು. ಅವರು ನಂಬಿದ್ದು ನನ್ನನ್ನ, ನಾನು ತಿಳಿಯದೆ ಆಡಿದ ಒಂದು ಮಾತನ್ನ. ಮಾರನೇ ದಿನದ ಕಾರ್ಯಕ್ರಮದ ಕೊನೆಯಲ್ಲಿ ಎರಡು ನಿಮಿಷ ಕೇಳಿ ತಗೊಂಡೆ. ಅವತ್ತು ನಾನು ಹೇಳಿದ್ದು ಪೂರ್ತಿ ಸರಿ ಅಲ್ಲ ವೀಕ್ಷಕರೇ, ರಮ್ಮಿಯ ಬಗ್ಗೆ ಹೇಳಿದ್ದಕ್ಕೆ ಈಗಲೂ ಬದ್ಧ, ಎಲೆ ಹಿಡಿದ ಎಲ್ಲ ಮಕ್ಕಳನ್ನೂ ಅದಕ್ಕೆ ಸೇರಿಸಿದ್ದು ನನ್ನ ತಪ್ಪು ಅಂದೆ. ಅದನ್ನೇ ಇಲ್ಲಿ ಬರೆದೂ ಇಟ್ಟಿದ್ದೀನಿ.